ಗೀಸರ್ರೋ ಗ್ಯಾಸೋ ಸೋಲಾರೋ? ಮೊದಲು ನಿಮ್ಮನೆ ನೀರು ಎಂಥದ್ದು ನೋಡ್ಕೊಳ್ಳಿ

ಚಳಿ ಶುರುವಾಗೋ ಹೊತ್ತಿಗೆ ಪರಿಚಯದವರಲ್ಲಿ ಯಾರಾದ್ರೂ ಒಬ್ಬರು ಫೋನ್ ಮಾಡಿ "ಗೀಸರ್ ಹೋಯ್ತು ಮಾರಾಯ, ಹೊಸದು ಯಾವ್ದು ತಗೊಳ್ಲಿ" ಅಂತ ಕೇಳೇ ಕೇಳ್ತಾರೆ. ನಾನು ವಾಪಸ್ ಕೇಳೋದು ಒಂದೇ, ನಿಮ್ಮನೇಲಿ ತೊಗರಿಬೇಳೆ ಎಷ್ಟು ಸೀಟಿಗೆ ಬೇಯತ್ತೆ? ನಗ್ತಾರೆ. ತಮಾಷೆ ಅಲ್ಲ ಅದು. ಬೆಂಗಳೂರಲ್ಲಿ ಕಾವೇರಿ ನೀರು ಬರೋ ಮನೇಲಿ ಮೂರು ಸೀಟಿಗೆ ಕರಗಿ ಹೋಗೋ ಬೇಳೆ, ಊರಾಚೆ ಲೇಔಟಲ್ಲಿ ಬೋರ್‌ವೆಲ್ ನೀರಿಗೆ ಹಾಕಿದ್ರೆ ಆರು ಸೀಟಿ ಆದ್ರೂ ಕಾಳುಕಾಳಾಗೇ ಇರತ್ತೆ, ಸೋಪು ನೊರೆ ಬರಲ್ಲ, ತಲೆಕೂದಲು ಅಂಟಂಟು, ನಲ್ಲಿ ಬುಡದಲ್ಲಿ ಬಿಳಿ ಪೊರೆ. ಇದೇ ಗಡಸು ನೀರು. ಬೇಳೆ ಬೇಯಿಸದ ನೀರೇ ಗೀಸರ್ ಕಾಯಿಲನ್ನೂ ತಿನ್ನೋದು.

ಹಾಗಾಗಿ ಕಂಪನಿ ಯಾವ್ದು, ಸ್ಟಾರ್ ಎಷ್ಟು, ಆಫರ್ ಏನು ಅನ್ನೋದೆಲ್ಲ ಆಮೇಲೆ. ಮೊದಲು ಎರಡು ವಿಷಯ ತಿಳ್ಕೊಳ್ಳಿ, ನೀರು ಎಂಥದ್ದು, ಮತ್ತೆ ವರ್ಷಕ್ಕೊಂದ್ಸಲ ಅದನ್ನ ಬಿಚ್ಚಿ ತೊಳೆಯೋರು ಯಾರು. ಎರಡನೇ ಪ್ರಶ್ನೆಗೆ "ಯಾರೂ ಇಲ್ಲ" ಅಂತ ಉತ್ತರ ಇರೋ ಮನೆಗೂ "ನಾನೇ ಮಾಡ್ತೀನಿ" ಅನ್ನೋ ಮನೆಗೂ ಒಂದೇ ಮಾಲು ಹೊಂದಲ್ಲ.

ನಮ್ಮಜ್ಜನ ಮನೆ ಸಾಗರದ ಕಡೆ. ಅಲ್ಲಿ ಈ ಪ್ರಶ್ನೇನೇ ಇರ್ಲಿಲ್ಲ, ಯಾಕಂದ್ರೆ ಸರ್ವೀಸ್ ಡೇಟು ಪಂಚಾಂಗದಲ್ಲೇ ಇತ್ತು. ದೀಪಾವಳಿಗೆ ಮುಂಚಿನ ನೀರು ತುಂಬೋ ಹಬ್ಬ. ಅವತ್ತು ಬಚ್ಚಲೊಲೆ ಮೇಲಿನ ತಾಮ್ರದ ಹಂಡೆ ಖಾಲಿ ಮಾಡಿ, ಒಲೆ ಬೂದಿ ತೆಗೆದು, ಹುಣಸೆಹಣ್ಣು ಹಾಕಿ ಒಳಗೂ ಹೊರಗೂ ಗಸಗಸ ತಿಕ್ಕಿ, ಹಿಂಡಲೆಕಾಯಿ ಬಳ್ಳಿ ಸುತ್ತಿ, ರಂಗೋಲಿ ಬರೆದು, ಬಾವಿಯಿಂದ ಹೊಸ ನೀರು ಸೇದಿ ತುಂಬೋರು. ಅಜ್ಜಿಗೆ ಅದು ಗಂಗೆ ಪೂಜೆ, ನನಗೆ ಈಗ ಅನ್ಸತ್ತೆ ಅದು ಚಳಿಗಾಲಕ್ಕೆ ಮುಂಚಿನ ಡೀಸ್ಕೇಲಿಂಗು, ಅಂದ್ರೆ ಕಟ್ಟಿದ ಬಿಳಿ ಪೊರೆ ತೆಗೆಯೋ ಕೆಲಸ. ಹುಣಸೆಹಣ್ಣಿನ ಹುಳಿ ಮಾಡೋ ಕೆಲಸಾನೇ ಇವತ್ತು ಸರ್ವೀಸ್ ಹುಡುಗ ತರೋ ಸಿಟ್ರಿಕ್ ಆಸಿಡ್ ಪುಡೀನೂ ಮಾಡೋದು, ಅವನು ವಿಸಿಟಿಂಗ್ ಚಾರ್ಜ್ ಬೇರೆ ತಗೋತಾನೆ ಅಷ್ಟೇ ವ್ಯತ್ಯಾಸ. ಉತ್ತರ ಕರ್ನಾಟಕದಲ್ಲಿ ನೀರು ಕಾಯಿಸೋ ಬಂಬದ ಕಥೇನೂ ಹೆಚ್ಚುಕಮ್ಮಿ ಇದೇ. ನಾವು ಹಂಡೆ ಬಿಟ್ಟು ಗೀಸರ್‌ಗೆ ಬಂದ್ವಿ, ತಿಕ್ಕೋ ದಿನಾನ ಮಾತ್ರ ಊರಲ್ಲೇ ಬಿಟ್ಟು ಬಂದ್ವಿ.

ಗೀಸರ್ ಒಳಗೆ ಆಗೋದೇನು ಅಂದ್ರೆ, ಗಡಸು ನೀರಲ್ಲಿ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕರಗಿರತ್ತೆ, ಬಿಸಿ ಮಾಡಿದಾಗ ಅದು ಒಡೆದು ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ, ಅಂದ್ರೆ ಹತ್ತತ್ರ ಸೀಮೆಸುಣ್ಣದ ಥರದ್ದೇ ಆಗಿ, ಎಲ್ಲಿ ಜಾಸ್ತಿ ಬಿಸಿ ಇದ್ಯೋ ಅಲ್ಲೇ ಹೋಗಿ ಕೂರತ್ತೆ, ಅಂದ್ರೆ ಸೀದಾ ಕಾಯಿಲ್ ಮೇಲೆ. ನಮ್ಮ ಕಡೆ ಇದಕ್ಕೆ ಸಾಲ್ಟ್ ಕಟ್ಟೋದು ಅಂತಾರೆ. ಪೊರೆ ದಪ್ಪ ಆದಷ್ಟೂ ಕಾಯಿಲಿನ ಶಾಖ ನೀರಿಗೆ ಹೋಗಲ್ಲ, ಕಾಯಿಲು ಒಳಗೊಳಗೇ ಕಾದು ಕಾದು ಒಂದಿನ ಸೀಳತ್ತೆ, ಎಂಸಿಬಿ ಟ್ರಿಪ್ ಆಗತ್ತೆ. ಕುಡಿಯೋ ನೀರಿನ ಐಎಸ್ 10500 ಮಾನದಂಡದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ರೆ ಒಳ್ಳೇದು, ಬೇರೆ ಮೂಲ ಇಲ್ಲದಿದ್ರೆ 600ರ ತನಕ ಒಪ್ಕೋಬಹುದು ಅಂತಿದೆ. ಒಂದು ಲೆಕ್ಕ ಹಾಕಿ ನೋಡಿ, ನಿಮ್ಮ ನೀರು 400 ಇದೆ, ದಿನಕ್ಕೆ 100 ಲೀಟರ್ ಕಾಯಿಸ್ತೀರಿ, ಆಗ ದಿನಾ 40 ಗ್ರಾಂ ಗೀಸರ್ ಮೂಲಕ ಹಾದು ಹೋಗತ್ತೆ. ಅದರಲ್ಲಿ ಹತ್ತರಲ್ಲೊಂದು ಭಾಗ ಒಳಗೇ ಕೂತ್ರೂ ವರ್ಷಕ್ಕೆ ಒಂದೂವರೆ ಕೆಜಿ ಹತ್ತಿರ. ನಮ್ಮನೆ ಗೀಸರ್ ಮೊದಲ ಸಲ ಬಿಚ್ಚಿಸಿದಾಗ ಪ್ಲಂಬರ್ ಅರ್ಧ ಬಕೆಟ್ ಬಿಳಿ ಚಕ್ಕೆ ಹೊರಗೆ ಹಾಕಿ "ಸಾರ್, ಇದ್ರಲ್ಲಿ ಒಂದು ಗೋಡೆಗೆ ಸುಣ್ಣ ಹೊಡೀಬಹುದು" ಅಂದ.

ಇನ್ನೊಂದು ಮಾತು, ಆನ್‌ಲೈನಲ್ಲಿ ಸಿಗೋ ಪೆನ್ನಿನ ಥರದ ಟಿಡಿಎಸ್ ಮೀಟರ್ ಅದ್ದಿ ನೋಡಿ "ನಮ್ಮದು 700 ಇದೆ" ಅಂತ ಹೆದರ್ಕೋತಾರೆ. ಅದು ಕರಗಿರೋ ಎಲ್ಲಾ ಉಪ್ಪಿನ ಲೆಕ್ಕ, ಗಡಸುತನ ಬೇರೆ. ಗಡಸುತನಕ್ಕೆ ಹನಿ ಹಾಕಿ ಬಣ್ಣ ನೋಡೋ ಕಿಟ್ ಸಿಗತ್ತೆ, ಅದನ್ನ ತಗೊಳ್ಳಿ. ಬೇಸಿಗೇಲಿ ಒಂದ್ಸಲ ಮಳೆಗಾಲ ಆದ್ಮೇಲೆ ಒಂದ್ಸಲ ನೋಡಿ, ಯಾಕಂದ್ರೆ ಮಾರ್ಚ್ ಏಪ್ರಿಲ್ಲಲ್ಲಿ ಬೋರ್ ಇಳಿದು ಟ್ಯಾಂಕರ್ ತರಿಸೋಕೆ ಶುರು ಮಾಡಿದ್ಮೇಲೆ ಯಾವ ಲೋಡಿನ ನೀರು ಎಲ್ಲಿಂದ ಬಂತೋ ದೇವರೇ ಬಲ್ಲ. 2024ರ ಬೇಸಿಗೇಲಿ ಬೆಂಗಳೂರಲ್ಲಿ ನೀರಿನ ಗಲಾಟೆ ಆಯ್ತಲ್ಲ, ಆವಾಗ ನಮ್ಮ ಬೀದೀಲಿ ಒಂದೇ ವಾರದಲ್ಲಿ ಮೂರು ಥರದ ನೀರು ಸಂಪ್ ತೊಟ್ಟಿಗೆ ಬಿತ್ತು.

ಸರಿ, ಈಗ ಒಂದೊಂದಾಗಿ ನೋಡೋಣ.

ಮಾಮೂಲಿ ಸ್ಟೋರೇಜ್ ಗೀಸರ್, 15 ಅಥವಾ 25 ಲೀಟರಿಂದು, ಬಹಳ ಮನೆಗಳಿಗೆ ಇದೇ ಸಾಕು. 2000 ವ್ಯಾಟಿನ ಕಾಯಿಲು 15 ಲೀಟರ್ ನೀರನ್ನ 30 ಡಿಗ್ರಿ ಏರಿಸೋಕೆ ಕಾಲು ಗಂಟೆ ಚಿಲ್ಲರೆ ತಗೊಳ್ಳತ್ತೆ, ಖರ್ಚು ಅರ್ಧ ಯೂನಿಟ್. ಇದು ಭೌತಶಾಸ್ತ್ರ, ಯಾವ ಬ್ರ್ಯಾಂಡ್ ತಗೊಂಡ್ರೂ ಇದರಲ್ಲಿ ಬದಲಾವಣೆ ಇಲ್ಲ. ಹಾಗಿದ್ರೆ ಸ್ಟಾರ್ ಏನು ಹೇಳತ್ತೆ? ಕಾಯಿಸಿ ಇಟ್ಟ ನೀರು 24 ಗಂಟೇಲಿ ಎಷ್ಟು ಶಾಖ ಕಳ್ಕೊಳ್ಳತ್ತೆ ಅನ್ನೋದನ್ನ. ಬೆಳಿಗ್ಗೆ ಆನ್ ಮಾಡಿ, ಸ್ನಾನ ಮಾಡಿ, ಆಫ್ ಮಾಡೋರಿಗೆ ಐದು ಸ್ಟಾರಿಂದ ದೊಡ್ಡ ಲಾಭ ಏನಿಲ್ಲ, ದಿನವಿಡೀ ಆನಲ್ಲೇ ಬಿಡೋರಿಗೆ ಇದೆ. ಗಡಸು ನೀರಿನವರು ನೋಡಬೇಕಾದ್ದು ಬೇರೆ ಎರಡು. ಒಂದು ಟ್ಯಾಂಕಿನ ಒಳಮೈ, ಗಾಜಿನ ಲೇಪ ಇರೋದು ನಮ್ಮ ಬೋರ್ ನೀರಿಗೆ ಸ್ಟೀಲಿಗಿಂತ ವಾಸಿ, ಯಾಕಂದ್ರೆ ಕ್ಲೋರೈಡ್ ಜಾಸ್ತಿ ಇದ್ರೆ ಸ್ಟೇನ್‌ಲೆಸ್ ಸ್ಟೀಲಲ್ಲೂ ಸಣ್ಣ ಸಣ್ಣ ತೂತು ಬೀಳತ್ತೆ. ಎರಡನೇದು ಆನೋಡ್ ರಾಡ್. ಇದೊಂದು ಮೆಗ್ನೀಷಿಯಂ ಕಡ್ಡಿ, ಟ್ಯಾಂಕಿನ ಬದಲು ತಾನು ಕರಗೋದೇ ಇದರ ಕೆಲಸ. ಕರಗಿ ಮುಗಿದ ಮೇಲೆ ತುಕ್ಕಿನ ಸರದಿ ಟ್ಯಾಂಕಿಗೆ. ಗಡಸು ನೀರಲ್ಲಿ ವರ್ಷಕ್ಕೋ ಎರಡು ವರ್ಷಕ್ಕೋ ಬದಲಾಯಿಸಬೇಕು, ದೊಡ್ಡ ದುಡ್ಡೇನಲ್ಲ, ಆದ್ರೆ ಇದರ ಹೆಸರೇ ಕೇಳದವರು ಎಷ್ಟೋ ಜನ. ನಮ್ಮನೆಗೆ ಒಂದ್ಸಲ ಬಂದ ಸರ್ವೀಸ್ ಹುಡುಗ ಸವೆದ ರಾಡನ್ನ ಬಿಚ್ಚಿ ಬಿಸಾಕಿ, ಹೊಸದು ಹಾಕದೇ ಬೋಲ್ಟ್ ಮುಚ್ಚಿ ಹೋಗಿದ್ದ, ಗೊತ್ತಾಗಿದ್ದು ಟ್ಯಾಂಕ್ ಸೋರಿದ ಮೇಲೆ. ಆವತ್ತಿಂದ ಸರ್ವೀಸಿಗೆ ಯಾರೇ ಬರಲಿ ಪಕ್ಕದಲ್ಲೇ ನಿಂತ್ಕೋತೀನಿ, ಅವರಿಗೆ ಕಿರಿಕಿರಿ ಆದ್ರೂ ಪರ್ವಾಗಿಲ್ಲ.

ಇನ್‌ಸ್ಟಂಟ್ ಗೀಸರ್, 3 ಲೀಟರಿಂದು. ಚಿಕ್ಕದು, ಅಗ್ಗ, ಆನ್ ಮಾಡಿದ ಕೂಡಲೇ ಬಿಸಿನೀರು. ಅಡುಗೆಮನೆ ಸಿಂಕಿಗೆ ಚೆನ್ನಾಗಿದೆ, ಬಾಡಿಗೆ ಮನೇಲಿ ಇರೋರಿಗೂ ಚೆನ್ನಾಗಿದೆ, ಖಾಲಿ ಮಾಡುವಾಗ ಬಿಚ್ಕೊಂಡು ಹೋಗಬಹುದು. ಆದ್ರೆ ಚಳಿಗಾಲದಲ್ಲಿ ಶವರ್ ಕೆಳಗೆ ನಿಲ್ತೀನಿ ಅನ್ನೋರಿಗೆ ನಿರಾಶೆ ಆಗತ್ತೆ. 3000 ವ್ಯಾಟು ನಿಮಿಷಕ್ಕೆ 2 ಲೀಟರ್ ನೀರನ್ನ ಸುಮಾರು 21 ಡಿಗ್ರಿ ಅಷ್ಟೇ ಏರಿಸೋದು. ಡಿಸೆಂಬರಲ್ಲಿ ಟ್ಯಾಂಕಿನ ನೀರು 20 ಡಿಗ್ರಿ ಇದ್ರೆ 41 ಆಗತ್ತೆ, ಅದೂ ನಲ್ಲಿ ಸಣ್ಣಕ್ಕೆ ಬಿಟ್ರೆ, ಒಂದು ಬಕೆಟ್ ತುಂಬೋಕೆ ಹತ್ತು ನಿಮಿಷ. ಗಡಸು ನೀರಿಗೆ ಇದು ಬೇಗ ಸೋಲತ್ತೆ, ಪುಟ್ಟ ಜಾಗದಲ್ಲಿ ದೊಡ್ಡ ಕಾಯಿಲು, ನೀರು ಒಮ್ಮೆಲೇ ಸುಡತ್ತೆ, ಸಾಲ್ಟ್ ಬೇಗ ಕಟ್ಟತ್ತೆ. ಕಾಯಿಲ್ ಬದಲಾಯಿಸೋದು ಸುಲಭ ಅನ್ನೋದೊಂದು ಸಮಾಧಾನ. 13 ಆಂಪಿಯರ್ ಎಳೆಯತ್ತೆ, 16 ಆಂಪಿಯರ್ ಪಾಯಿಂಟ್ ಬಿಟ್ಟು ಬೇರೆ ಕಡೆ ಹಾಕಬೇಡಿ. ಬಕೆಟ್ಟಿಗೆ ನೇತುಹಾಕೋ ಕಾಯಿಲ್ ಬಗ್ಗೆ ಹೇಳೋದು ಇಷ್ಟೇ, ಮಕ್ಕಳಿರೋ ಮನೇಲಿ ಬೇಡ.

ಗ್ಯಾಸ್ ಗೀಸರ್ ಬಗ್ಗೆ ಸ್ವಲ್ಪ ಹೊತ್ತು ಮಾತಾಡ್ಲೇಬೇಕು, ಯಾಕಂದ್ರೆ "ಕರೆಂಟಿಗಿಂತ ತುಂಬಾ ಉಳಿತಾಯ" ಅಂತ ಅಂಗಡಿಯವರು ಹೇಳೋದನ್ನ ನಾನೂ ನಂಬಿದ್ದೆ. ಲೆಕ್ಕ ಹಾಕಿ. ಒಬ್ಬರ ಸ್ನಾನಕ್ಕೆ 25 ಲೀಟರ್ ನೀರು, 20 ಡಿಗ್ರಿ ಏರಿಸಬೇಕು ಅಂತಿಟ್ಕೊಳ್ಳಿ. ಕರೆಂಟಲ್ಲಿ ಅದಕ್ಕೆ 0.6 ಯೂನಿಟ್ ಹತ್ತಿರ, ನಾಲ್ಕು ಜನಕ್ಕೆ ನಷ್ಟಾನೂ ಸೇರಿ ದಿನಕ್ಕೆ ಎರಡೂವರೆ, ತಿಂಗಳಿಗೆ 75 ಯೂನಿಟ್, ಯೂನಿಟ್ಟಿಗೆ 6 ರೂಪಾಯಿ ಅಂದ್ರೆ 450 ರೂಪಾಯಿ. 14.2 ಕೆಜಿ ಸಿಲಿಂಡರಲ್ಲಿ, ನೂರಕ್ಕೆ 80 ಭಾಗ ಶಾಖ ನೀರಿಗೆ ಸೇರಿದ್ರೆ, ಇಂಥ 250 ಸ್ನಾನ ಆಗತ್ತೆ, ಅಂದ್ರೆ ನಾಲ್ಕು ಜನಕ್ಕೆ ಎರಡು ತಿಂಗಳು. ಸಿಲಿಂಡರ್ 900 ರೂಪಾಯಿ ಅಂದ್ರೆ ತಿಂಗಳಿಗೆ ಅದೇ 450. ಎಲ್ಲಿದೆ ಉಳಿತಾಯ? ಪವರ್ ಕಟ್ಟಿನಲ್ಲೂ ನೀರು ಬರತ್ತೆ, ಹತ್ತು ಜನ ಸಾಲಾಗಿ ಸ್ನಾನ ಮಾಡಿದ್ರೂ ಮುಗಿಯಲ್ಲ, ಆ ಅನುಕೂಲ ನಿಜ. ಟ್ಯಾಂಕ್ ತಲೆ ಮೇಲೇ ಇರೋ ಒಂದಂತಸ್ತಿನ ಮನೇಲಿ ನೀರಿನ ಪ್ರೆಷರ್ ಸಾಲದೇ ಗ್ಯಾಸ್ ಹೊತ್ತಿಕೊಳ್ಳಲ್ಲ ಅನ್ನೋದೂ ನಿಜ.

ಗೃಹಜ್ಯೋತಿ ಇರೋ ಮನೆಗಳಿಗೆ ಮಾತ್ರ ಈ ಲೆಕ್ಕ ಬೇರೆ ಥರ. ನಿಮ್ಮ ಹಳೇ ಸರಾಸರಿ ಬಳಕೆ ಮೇಲೆ ನಿಗದಿ ಆದ ಯೂನಿಟ್ ಒಳಗೇ ಗೀಸರೂ ಕೂತ್ರೆ ನೀರು ಬಿಟ್ಟಿಯಾಗಿ ಕಾದಂತೆ, ಚಳಿಗಾಲದಲ್ಲಿ ಅದೇ ಗೀಸರ್ 200 ಯೂನಿಟ್ ಗೆರೆ ದಾಟಿಸಿಬಿಟ್ರೆ ಆ ತಿಂಗಳು ಪೂರ್ತಿ ಬಿಲ್ಲು ಕಟ್ಟಬೇಕು. 180, 190ರಲ್ಲಿ ಓಡಾಡೋ ಮನೆಯವರು ನವೆಂಬರಿಂದ ಫೆಬ್ರವರಿ ತನಕ ಮೀಟರ್ ಮೇಲೆ ಒಂದು ಕಣ್ಣಿಡಿ.

ಗ್ಯಾಸಲ್ಲಿ ದುಡ್ಡಿಗಿಂತ ದೊಡ್ಡ ವಿಷಯ ಗಾಳಿ. ಮುಚ್ಚಿದ ಬಾತ್‌ರೂಮ್ ಒಳಗೆ ಗ್ಯಾಸ್ ಗೀಸರ್ ಹಾಕಬಾರದು, ಇದರಲ್ಲಿ ರಾಜಿ ಇಲ್ಲ. ಆಮ್ಲಜನಕ ಕಮ್ಮಿ ಆದ್ರೆ ಗ್ಯಾಸ್ ಪೂರ್ತಿ ಉರಿಯದೇ ಕಾರ್ಬನ್ ಮಾನಾಕ್ಸೈಡ್ ಬರತ್ತೆ, ಅದಕ್ಕೆ ವಾಸನೆ ಇಲ್ಲ. ಸಿಲಿಂಡರ್ ಸೋರಿದಾಗ ಮೂಗಿಗೆ ಬಡಿಯೋ ವಾಸನೆ ಕಂಪನಿಯವರು ಬೇಕಂತಲೇ ಸೇರಿಸಿರೋದು, ಉರಿದ ಮೇಲೆ ಬರೋ ವಿಷಕ್ಕೆ ಅಂಥ ಕಾವಲುಗಾರ ಯಾರೂ ಇಲ್ಲ. ತಲೆನೋವು, ತಲೆಸುತ್ತು, ಆಮೇಲೆ ಎಚ್ಚರಾನೇ ಇರಲ್ಲ. ಚಳಿ ಅಂತ ಕಿಟಕಿ ಮುಚ್ಚೋ ತಿಂಗಳಲ್ಲೇ ಇಂಥವು ಆಗೋದು. ಮಶೀನು ಹೊರಗಿನ ಗೋಡೆಗೋ ತೆರೆದ ಯುಟಿಲಿಟಿಗೋ ಹಾಕಿ, ಬಿಸಿನೀರಿನ ಪೈಪ್ ಮಾತ್ರ ಒಳಗೆ ತನ್ನಿ. ಜಾಗ ಇಲ್ವಾ, ಗ್ಯಾಸ್ ಬಿಟ್ಬಿಡಿ. ವರ್ಷಕ್ಕೊಂದ್ಸಲ ಬರ್ನರ್ ಕ್ಲೀನ್ ಮಾಡಿಸಿ, ಉರಿ ನೀಲಿ ಇರಬೇಕು, ಹಳದಿ ಆಗಿ ಮಸಿ ಹಿಡೀತಾ ಇದ್ರೆ ರಿಪೇರಿ ಆಗೋ ತನಕ ಹಚ್ಚಬೇಡಿ.

ಈಗ ಸೋಲಾರ್. ಸ್ವಂತ ಮನೆ, ಸ್ವಂತ ತಾರಸಿ ಇದ್ರೆ ನನ್ನ ಓಟು ಕಣ್ಣುಮುಚ್ಚಿ ಇದಕ್ಕೇ. ಬೆಂಗಳೂರಿನ ಯಾವ ಹಳೇ ಬಡಾವಣೆ ಮಹಡಿ ಮೇಲೆ ನಿಂತು ನೋಡಿದ್ರೂ ಸೋಲಾರ್ ಟ್ಯಾಂಕುಗಳ ಸಾಲೇ ಕಾಣತ್ತೆ, ಬೆಸ್ಕಾಂ ಬಿಲ್ಲಲ್ಲಿ ತಿಂಗಳಿಗೆ 50 ರೂಪಾಯಿ ತನಕ ರಿಯಾಯಿತಿ ಸಿಗ್ತಿದ್ದ ಕಾಲದಿಂದಲೂ ಜನ ಹಾಕಿಸ್ಕೊಂಡು ಬಂದಿದಾರೆ. ಆದ್ರೆ ಸೋಲಾರಲ್ಲೂ ಎರಡು ಜಾತಿ. ತಾಮ್ರದ ಪೈಪು, ಮೇಲೆ ಗಾಜಿನ ಹಲಗೆ ಇರೋದು ಎಫ್‌ಪಿಸಿ, ಗಾಜಿನ ಕೊಳವೆಗಳ ಸಾಲು ಇರೋದು ಇಟಿಸಿ. ಕಾವೇರಿ ನೀರಿನ ಮನೆಗೆ ಎಫ್‌ಪಿಸಿ ಗಟ್ಟಿಮುಟ್ಟು, ಮಂಗ ಬಂದು ಕುಣಿದ್ರೂ ಸುಲಭಕ್ಕೆ ಏನೂ ಆಗಲ್ಲ. ಬೋರ್ ನೀರಿನ ಮನೇಲಿ ಆ ತಾಮ್ರದ ಅರ್ಧ ಇಂಚಿನ ಪೈಪುಗಳಲ್ಲಿ ಸಾಲ್ಟ್ ಕಟ್ಟಿ ಕೆಲವೇ ವರ್ಷದಲ್ಲಿ ನೀರಿನ ಓಡಾಟ ನಿಲ್ಲತ್ತೆ, ಬಿಸಿಲು ಚುರುಗುಟ್ಟಿದ್ರೂ ನಲ್ಲೀಲಿ ಉಗುರುಬೆಚ್ಚಗೆ. ಅಲ್ಲಿಗೆ ಇಟಿಸಿ ಸರಿ, ಕೊಳವೆ ಅಗಲ ಇದೆ, ಸಾಲ್ಟು ತಳಕ್ಕೆ ಕೂತ್ರೂ ಬಿಚ್ಚಿ ತೊಳೆದು ಹಾಕಬಹುದು, ಒಂದು ಒಡೆದ್ರೆ ಒಂದನ್ನೇ ಬದಲಾಯಿಸಬಹುದು. ಇಟಿಸಿ ಕೊಳವೆ ಸತ್ತಿದ್ಯಾ ಬದುಕಿದ್ಯಾ ನೋಡೋಕೆ ಮೀಟರ್ ಬೇಡ, ಕೆಳತುದೀಲಿ ಬೆಳ್ಳಿ ಬಣ್ಣ ಇದ್ರೆ ಸರಿ ಇದೆ, ಹಾಲಿನ ಥರ ಬೆಳ್ಳಗಾಗಿದ್ರೆ ನಿರ್ವಾತ ಹೋಗಿದೆ ಅಂತ ಅರ್ಥ.

ಸೋಲಾರಿನ ನಿಜವಾದ ತೊಂದರೆ ಯಾರೂ ಹೇಳಲ್ಲ, ಅದು ಪೈಪಲ್ಲಿರೋ ತಣ್ಣೀರು. ತಾರಸಿಯಿಂದ ಕೆಳಮನೆ ಬಾತ್‌ರೂಮಿಗೆ 25 ಮೀಟರ್ ಮುಕ್ಕಾಲಿಂಚು ಪೈಪ್ ಇದ್ರೆ ಅದರೊಳಗೆ 7–8 ಲೀಟರ್ ನೀರು ನಿಂತಿರತ್ತೆ, ಅದು ಹೋಗೋ ತನಕ ಬಿಸಿ ಬರಲ್ಲ. ನಮ್ಮನೇಲಿ ಆ ನೀರಿಗೆ ಒಂದು ಬಕೆಟ್ ಇಟ್ಟಿದೀವಿ, ಮೊದಲು ಬರೋದನ್ನ ಹಿಡಿದು ಗಿಡಕ್ಕೋ ನೆಲ ಒರೆಸೋಕೋ. ಮನೆ ಕಟ್ಟಿಸ್ತಿರೋರು ಬಾತ್‌ರೂಮುಗಳನ್ನ ಒಂದರ ಮೇಲೊಂದು ಬರೋ ಥರ ಪ್ಲ್ಯಾನ್ ಮಾಡಿಸಿ, ಬಿಸಿನೀರಿನ ಪೈಪಿಗೆ ತೆಂಗಿನ ನಾರು ಹಗ್ಗ ಸುತ್ತಿ ಸಾಕು ಅನ್ಕೋಬೇಡಿ, ಸರಿಯಾದ ಇನ್ಸುಲೇಶನ್ ಹಾಕ್ಸಿ, ಪೈಪು ಸಿಪಿವಿಸಿ ಆಗಿರಲಿ. ಮಾಮೂಲಿ ಪಿವಿಸಿ ಬಿಸಿಗೆ ಬಾಗತ್ತೆ. ಪ್ರೆಷರ್ ಪಂಪ್ ಇರೋರು ಅಂಗಡೀಲಿ ಮೊದಲೇ ಹೇಳಿ, ಗಾಳಿ ಕೊಳವೆ ಇರೋ ಮಾಮೂಲಿ ಸೋಲಾರ್ ಟ್ಯಾಂಕು ಪಂಪಿನ ಒತ್ತಡ ತಡೆಯಲ್ಲ, ಅದಕ್ಕೆ ಬೇರೆ ಮಾಡೆಲ್ ಬೇಕು. ತಣ್ಣೀರಿಗೆ ಪಂಪು, ಬಿಸಿನೀರಿಗೆ ಪಂಪಿಲ್ಲ ಅಂತ ಮಾಡಿದ್ರೆ ಮಿಕ್ಸರ್ ನಲ್ಲೀಲಿ ತಣ್ಣೀರು ಬಿಸಿನೀರನ್ನ ಹಿಂದಕ್ಕೆ ತಳ್ಳತ್ತೆ. ಮಳೆಗಾಲದ ಮೋಡದ ದಿನಕ್ಕೆ ಟ್ಯಾಂಕಲ್ಲಿ ಕಾಯಿಲ್ ಇರತ್ತೆ, ಆದ್ರೆ 200 ಲೀಟರ್ ಪೂರ್ತಿ ಅದರಲ್ಲಿ ಕಾಯಿಸೋದು ಬಿಲ್ಲಿಗೆ ಒಳ್ಳೇದಲ್ಲ, ಅದಕ್ಕಿಂತ ಒಂದು ಚಿಕ್ಕ 10 ಲೀಟರ್ ಗೀಸರ್ ಕೆಳಗೆ ಇಟ್ಕೊಳ್ಳಿ.

ಹೀಟ್ ಪಂಪ್ ಅಂತ ಹೊಸದೊಂದು ಬರ್ತಿದೆ, ಎಸಿ ಉಲ್ಟಾ ಮಾಡಿದ ಹಾಗೆ, ಹೊರಗಿನ ಗಾಳಿಯ ಶಾಖ ಎಳೆದು ನೀರಿಗೆ ಕೊಡೋದು. ಒಂದು ಯೂನಿಟ್ ಕರೆಂಟಿಗೆ ಮೂರು ಯೂನಿಟ್ ಹತ್ತಿರ ಶಾಖ, ಮೇಲಿನ ಲೆಕ್ಕದ 75 ಯೂನಿಟ್ 25–30ಕ್ಕೆ ಇಳಿಯತ್ತೆ. ಬೆಲೆ ಜಾಸ್ತಿ, ಸದ್ದು ಮಾಡತ್ತೆ, ಕೆಟ್ರೆ ನಿಮ್ಮ ಬೀದಿ ಪ್ಲಂಬರ್ ಕೈಯಲ್ಲಿ ಆಗಲ್ಲ, ಎಸಿ ಮೆಕ್ಯಾನಿಕ್ಕೇ ಬೇಕು. ತಾರಸಿ ಹಕ್ಕಿಲ್ಲದ, ಬಿಸಿನೀರು ಬಹಳ ಬೇಕಿರೋ ದೊಡ್ಡ ಫ್ಲ್ಯಾಟಿನವರು ಯೋಚಿಸಬಹುದು. ಇಬ್ಬರೇ ಇರೋ ಮನೆಗೆ ಹಾಕಿದ ದುಡ್ಡು ಹುಟ್ಟೋದು ಕಷ್ಟ.

ನೀರನ್ನೇ ಸರಿ ಮಾಡೋದಾ ಅಂದ್ರೆ ಸಾಫ್ಟ್‌ನರ್ ಇದೆ, ಕೆಲಸ ಮಾಡತ್ತೆ. ಒಳಗಿರೋ ರೆಸಿನ್ ಕ್ಯಾಲ್ಸಿಯಂ ಹಿಡ್ಕೊಂಡು ಸೋಡಿಯಂ ಬಿಡತ್ತೆ, ಹಾಗಾಗಿ ಟಿಡಿಎಸ್ ಕಮ್ಮಿ ಆಗ್ಲಿಲ್ಲ ಅಂತ ಜಗಳಕ್ಕೆ ಹೋಗಬೇಡಿ, ಅದು ಆಗೋದೇ ಇಲ್ಲ. ಆಗಾಗ ಉಪ್ಪು ಹಾಕಿ ತೊಳೀಬೇಕು, ಮರೆತ್ರೆ ಸುಮ್ನೆ ಒಂದು ಡಬ್ಬ ಅಷ್ಟೇ. ಪೈಪಿಗೆ ಕಟ್ಟೋ ಮ್ಯಾಗ್ನೆಟ್ ಮಾರೋರು ಬಂದ್ರೆ ನಾನಂತೂ ಕಾಫಿ ಕೊಟ್ಟು ಕಳಿಸ್ತೀನಿ.

ಇನ್ನು ಯಾವುದನ್ನೇ ತಗೊಳ್ಳಿ, ವರ್ಷದ ಕೆಲಸ ಇದ್ದದ್ದೇ. ನಾವು ಅಜ್ಜಿ ಕ್ಯಾಲೆಂಡರೇ ಇಟ್ಕೊಂಡಿದೀವಿ, ನೀರು ತುಂಬೋ ಹಬ್ಬದ ಹಿಂದಿನ ಭಾನುವಾರ ಗೀಸರ್ ದಿನ. ಮೇನ್ ಸ್ವಿಚ್ ಆಫ್, ನೀರು ಖಾಲಿ, ಕಾಯಿಲ್ ಬಿಚ್ಚಿ ಸಿಟ್ರಿಕ್ ಆಸಿಡ್ ನೀರಲ್ಲಿ ನೆನೆಹಾಕಿ, ಆನೋಡ್ ನೋಡಿ, ಗ್ಯಾಸ್ಕೆಟ್ ಹೊಸದು ಹಾಕಿ. ಟಾಯ್ಲೆಟ್ ತೊಳೆಯೋ ಆಸಿಡ್ ಹಾಕ್ತೀನಿ ಅಂತ ಯಾರಾದ್ರೂ ಬಂದ್ರೆ ಬೇಡ ಅನ್ನಿ, ಸ್ಟೀಲನ್ನೂ ತಿನ್ನತ್ತೆ. ಥರ್ಮೋಸ್ಟ್ಯಾಟ್ 50–55ಕ್ಕೆ ಇಡಿ, 60 ದಾಟಿದ್ರೆ ಸಾಲ್ಟ್ ಕಟ್ಟೋ ವೇಗ ಜಾಸ್ತಿ. ಸೇಫ್ಟಿ ವಾಲ್ವಿಂದ ಕಾಯುವಾಗ ಒಂದೆರಡು ಹನಿ ಬಿದ್ರೆ ಸರಿ, ಅದನ್ನ ಸೋರತ್ತೆ ಅಂತ ಎಂಸೀಲ್ ಮೆತ್ತಿ ಮುಚ್ಚಿದವರನ್ನ ನಾನು ನೋಡಿದೀನಿ, ಮಾಡಬೇಡಿ, ಒತ್ತಡ ಹೊರಗೆ ಹೋಗೋಕೆ ಇರೋ ಬಾಗಿಲೇ ಅದು.

ಸೋಲಾರ್ ಗಾಜು ಒರೆಸೋದು ಬೆಳಗಿನ ಜಾವ, ಮಧ್ಯಾಹ್ನ ಕಾದ ಕೊಳವೆಗೆ ತಣ್ಣೀರು ಎರಚಿದ್ರೆ ಸೀಳತ್ತೆ. ಟ್ಯಾಂಕಿನ ತಳದ ಡ್ರೈನ್ ಮೂರು ತಿಂಗಳಿಗೊಂದ್ಸಲ ಬಿಡಿ. ಬೇಸಿಗೆ ರಜೇಲಿ ಊರಿಗೆ ಹೋಗುವಾಗ ಕೊಳವೆ ಮೇಲೆ ಗೋಣಿಚೀಲ ಹೊದಿಸಿ ಹೋಗಿ, ಇಲ್ಲಾಂದ್ರೆ ನೀರು ಕುದ್ದು ಕುದ್ದು ಗಾಳಿ ಕೊಳವೆಯಿಂದ ಉಕ್ಕತ್ತೆ. ವಾಪಸ್ ಬಂದ ಕೂಡಲೇ ಗೀಸರ್ ಸ್ವಿಚ್ ಹಾಕಬೇಡಿ, ಮೊದಲು ಬಿಸಿನೀರಿನ ನಲ್ಲಿ ತಿರುಗಿಸಿ ನೀರು ಬರ್ತಿದೆಯಾ ನೋಡಿ, ಖಾಲಿ ಟ್ಯಾಂಕಲ್ಲಿ ಕಾಯಿಲ್ ಸುಡೋಕೆ ಹೆಚ್ಚು ಹೊತ್ತು ಬೇಡ.

ಜೂನ್ ಬಂತು ಅಂದ್ರೆ ಎಲೆಕ್ಟ್ರಿಷಿಯನ್ನಿಗೆ ಒಂದು ಫೋನು, ಅರ್ಥಿಂಗ್ ನೋಡೋಕೆ. ಕರೆಂಟ್ ಸೋರಿದ್ರೆ ತಾನೇ ಆಫ್ ಆಗೋ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇದ್ರೆ ಅದರ ಟೆಸ್ಟ್ ಬಟನ್ ತಿಂಗಳಿಗೊಮ್ಮೆ ನೀವೇ ಒತ್ತಿ, ಟಪ್ ಅಂತ ಬೀಳಬೇಕು, ಬೀಳಲಿಲ್ಲ ಅಂದ್ರೆ ಅದು ಇದ್ದೂ ಇಲ್ಲದ ಹಾಗೆ. ಬಾತ್‌ರೂಮಲ್ಲಿ ನಲ್ಲಿ ಮುಟ್ಟಿದಾಗ ಬೆರಳಿಗೆ ಸಣ್ಣಗೆ ಚುರುಕ್ ಅಂದ್ರೆ "ಮಳೆಗಾಲ ಅಲ್ವಾ, ತೇವಕ್ಕೆ" ಅಂತ ಸುಮ್ನಾಗಬೇಡಿ, ಕೈ ಒರೆಸ್ಕೊಂಡು ಹೊರಗೆ ಬಂದು ಮೊದಲು ಮೇನ್ ಆಫ್ ಮಾಡಿ.